ಹಳ್ಳಿಲೋಕ ಯಾವಾಗ ತೆರೀತೈತೆ?

ಯುಗಾದಿಗೆ ತೆರೆಯುತ್ತದೆ ಎಂದಿದ್ದ ಹಳ್ಳಿಲೋಕ ಬಸವ ಜಯಂತಿಗೆ ಹೋಯಿತು. ಬಸವ ಜಯಂತಿಯಿಂದ ನಾಗರ ಪಂಚಮಿಗೆ ಹೋಯಿತು. ಈಗ ದಸರಾ ಎನ್ನುತ್ತಿದ್ದರು. ಚಳ್ಳಕೆರೆಯ ಅಂಗಡಿಯಲ್ಲಿ ಬೆಲ್ಲ ತೂಗಿಸಿಕೊಳ್ಳುವವರೂ "ಏನ್ ತಿಪ್ಪೇರುದ್ರಮ್ಮಾರೇ, ನಿಮ್ ಮಗನ ಪಾರ್ಕು ಯಾವಾಗ?" ಎಂದು ಕೇಳಿ ಮುಸಿಮುಸಿ ನಗುವುದು ಶುರುವಾಯಿತು. ತಿಪ್ಪೇರುದ್ರಮ್ಮ ಅಂಥ ನಗುವಿಗೆಲ್ಲ ಜಗ್ಗುವ ಹೆಂಗಸಲ್ಲ. ಆದರೆ ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಂಡವಳೂ ಅಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವಳು. ಅಂಥವಳಿಗೆ ಹೆತ್ತ ಮಗನ ಮೇಲೇ ಅನುಮಾನ ಹುಟ್ಟಿಬಿಟ್ಟರೆ ಮನೆಯ ಗತಿ ಏನಾಗಬೇಕು?

ಅಮರೇಶ್ ಅವಳಿಗೆ ಒಬ್ಬನೇ ಮಗ. ಶೇಂಗಾ ಮಂಡಿ ನೋಡಿಕೊಂಡು ತಣ್ಣಗಿದ್ದವನು, ಎರಡು ಸಾವಿರದ ಒಂದರಲ್ಲೋ ಎರಡರಲ್ಲೋ ಎಲ್ಲಿಗೋ ಟೂರು ಹೋಗಿ, ಸಿಮೆಂಟಿನ ಗೊಂಬೆಗಳ ತೋಟ ನೋಡಿ ಬಂದು ಅದನ್ನೇ ತಲೆಗೆ ಹಚ್ಚಿಕೊಂಡ. ಬಿ.ಜಿ. ಕೆರೆಯ ಆಚೆ ಬಳ್ಳಾರಿ ರಸ್ತೆಗೆ ತಾಗಿದ ಅವರ ಹೊಲದಲ್ಲಿ ಹಳೇ ಕಾಲದ ಊರೊಂದನ್ನೇ ಎಬ್ಬಿಸುವುದು ಅವನ ಹುಚ್ಚು. ಕುರಿ ಕಾಯುವವನು, ಮಗ್ಗದ ಮುಂದೆ ಕೂತವನು, ರಾಗಿ ಬೀಸುವವಳು, ಚೌಕಾಬಾರ ಆಡುವ ಮುದುಕರು, ಎಲ್ಲರೂ ಸಿಮೆಂಟಿನಲ್ಲಿ ಆಳೆತ್ತರಕ್ಕೆ. ನಡುವೆ ಮಕ್ಕಳಿಗೆ ಜಾರುಬಂಡೆ, ಪುಟ್ಟ ರೈಲು. ಗುಡಿಗೋಪುರಗಳಿಗೆ ಗಾರೆಗೊಂಬೆ ಮಾಡಿ ಹೆಸರಾಗಿದ್ದ ಕೊಂಡ್ಲಹಳ್ಳಿಯ ಚಿಕ್ಕೀರಪ್ಪ ಕೆಲಸಕ್ಕೆ ಬಂದ. ಗೋಡೆ ಎದ್ದವು, ಗೊಂಬೆ ಎದ್ದವು, ಬೋರ್ಡೂ ಎದ್ದಿತು. ತೆರೆಯುವ ದಿನ ಮಾತ್ರ ಬರಲೇ ಇಲ್ಲ.

"ಗೇಟು ಬಂದಿಲ್ಲ ಕಣವ್ವ" ಎಂದಿದ್ದ ಅಮರೇಶ್ ಯುಗಾದಿಯ ಹೊತ್ತಿಗೆ. ತಿಪ್ಪೇರುದ್ರಮ್ಮ ಅದನ್ನು ಹಿಂದಿನ ಬೀದಿಯ ನೂರ್ ಬೀಗೆ ಹೇಳಿದಳು. ಇಬ್ಬರದೂ ಹಳೇ ಸ್ನೇಹ. ನೂರ್ ಬೀಯ ಮಗ ಜುಲ್ಫಿಕರ್ ವೆಲ್ಡಿಂಗ್ ಅಂಗಡಿ ಇಟ್ಟಿದ್ದ.

"ಗೇಟಾ? ನಮ್ ಜುಲ್ಫಿನೇ ಹೋಗಿ ಕೂರಿಸಿ ಬಂದನಲ್ಲ ತಿಪ್ಪಕ್ಕ! ಪೇಂಟು ಸೈತ ಅವನೇ ಹೊಡ್ದ" ಎಂದಳು ನೂರ್ ಬೀ.

ಬಸವ ಜಯಂತಿಗೆ ಕರೆಂಟು ಕೊಟ್ಟಿಲ್ಲ ಎಂಬ ನೆಪ ಬಂತು.

"ಕರೆಂಟಿಲ್ದೆ ವೆಲ್ಡಿಂಗ್ ಹೆಂಗೆ ಮಾಡ್ತಾರಕ್ಕ?" ಎಂದು ನೂರ್ ಬೀ ಕಣ್ಣರಳಿಸಿದಳು. "ಕಂಬದಿಂದ್ಲೇ ಕರೆಂಟ್ ಐತಂತೆ. ನಿನ್ ಮಗ ಏನೋ ಮುಚ್ಚಿಡ್ತಾ ಅವ್ನೆ, ನೋಡು."

ಆ ಮಾತು ತಿಪ್ಪೇರುದ್ರಮ್ಮನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಪಂಚಮಿಗೆ ಮಂತ್ರಿಗಳ ಡೇಟು ಸಿಕ್ಕಿಲ್ಲ ಎಂದಾಗ ಅವಳು ಯಾರನ್ನೂ ಕೇಳಲು ಹೋಗಲಿಲ್ಲ. ಮಗ ಸುಳ್ಳು ಹೇಳುತ್ತಾನೆ ಎಂಬುದು ಗೊತ್ತಾದ ಮೇಲೆ, ಯಾಕೆ ಎಂಬುದೊಂದೇ ಉಳಿದಿತ್ತು.

ಅಲ್ಲಿಂದ ಅವಳು ಮಗನ ಬೆನ್ನು ಹತ್ತಿದಳು. ಎಷ್ಟೋ ದಿನದಿಂದ ಕಣ್ಣಿಗೆ ಬಿದ್ದರೂ ಬಿಟ್ಟಿದ್ದ ಸಂಗತಿಗಳೆಲ್ಲ ಒಂದೊಂದಾಗಿ ಬಾಯಿ ತೆರೆದವು. ದಿನಾ ಬೆಳಗಿನ ಜಾವ ಅಮರೇಶ್ ಅವಳ ಕೋಣೆಯ ಬಾಗಿಲನ್ನು ಸದ್ದಾಗದಂತೆ ತಳ್ಳಿ, ತಲೆ ತೂರಿಸಿ, ಮಲಗಿದ್ದವಳನ್ನು ನೋಡುತ್ತಾ ನಿಲ್ಲುತ್ತಿದ್ದ. ಅವಳು ಮಗ್ಗುಲಾದರೆ ತಟಕ್ಕನೆ ಬಾಗಿಲೆಳೆದುಕೊಳ್ಳುತ್ತಿದ್ದ. ಪಾರ್ಕಿನ ತೇದಿ ಹತ್ತಿರ ಬಂದಾಗಲೆಲ್ಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಡಾಕ್ಟರು "ಬಿ.ಪಿ. ಸ್ವಲ್ಪ ಜಾಸ್ತಿ ಐತೆ" ಅಂದದ್ದೇ ತಡ, ಮನೆಗೆ ಬಂದು "ಈ ಸಲ ಬ್ಯಾಡ, ಮುಂದಕ್ಕೆ ಹಾಕಾನ" ಎನ್ನುತ್ತಿದ್ದ. ತಾಯಿಯ ಬಿ.ಪಿ.ಗೂ ಪಾರ್ಕಿನ ಬಾಗಿಲಿಗೂ ಎಲ್ಲಿಯ ನಂಟು?

ಆಮೇಲೆ ಆ ಫೋಟೋ. ಗಣೇಶನ ಹಬ್ಬಕ್ಕೆ ಅಟ್ಟದ ಮೇಲಿನ ತಾಮ್ರದ ಪಾತ್ರೆ ಇಳಿಸಲು ಹೋದಾಗ ಸ್ಟುಡಿಯೋದ ಚೀಲವೊಂದು ಕೈಗೆ ಬಂತು. ಒಳಗೆ ಅವಳದೇ ಮುಖ, ಮೊರದಷ್ಟು ದೊಡ್ಡದಾಗಿ. ಆ ಮನೆಯಲ್ಲಿ ಅಷ್ಟು ದೊಡ್ಡ ಫೋಟೋ ಇನ್ನೊಂದೇ ಇದ್ದದ್ದು: ನಡುಮನೆಯ ಗೋಡೆಯ ಮೇಲೆ, ಹಾರ ಹಾಕಿಸಿಕೊಂಡ ಅವಳ ಗಂಡ ಜಂಬುಲಿಂಗಪ್ಪನದು. ಅದನ್ನೂ ಅಮರೇಶನೇ ಮಾಡಿಸಿ ತಂದಿದ್ದ, ಅಪ್ಪನ ಅರವತ್ತನೇ ವರ್ಷಕ್ಕೆಂದು. ಗೋಡೆಗೆ ಮೊಳೆ ಹೊಡೆದು ತಿಂಗಳು ತುಂಬಲಿಲ್ಲ, ಜಂಬುಲಿಂಗಪ್ಪ ಮಂಡಿಯಲ್ಲೇ ಕುಸಿದು ಹೋದ. ಮಣ್ಣಿಗೆ ಬಂದ ನೆಂಟರೊಬ್ಬರು "ಸದ್ಯ, ಹಾರ ಹಾಕಾಕೆ ಫೋಟೋ ರೆಡಿ ಇತ್ತು" ಎಂದಿದ್ದರು. ಅಮರೇಶ್ ಎದ್ದು ಹಿತ್ತಿಲಿಗೆ ಹೋಗಿದ್ದ.

ಫೋಟೋವನ್ನು ಅವಳು ಇದ್ದ ಹಾಗೇ ಇಟ್ಟಳು. ಸೊಸೆ ಶೈಲಜಾ "ಯಾಕತ್ತೆ, ಪಾತ್ರೆ ಸಿಗ್ಲಿಲ್ವಾ?" ಎಂದಾಗ ಪಾತ್ರೆಯನ್ನು ಅವಳ ಕೈಗೆ ಕೊಟ್ಟು ಕೆಳಗಿಳಿದಳು.

ಅದೇ ವಾರ ಚಿಕ್ಕೀರಪ್ಪ ಮನೆಗೆ ಬಂದ. ಇಬ್ಬರೂ ಜಗಲಿಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ತಿಪ್ಪೇರುದ್ರಮ್ಮ ಕಿಟಕಿಯ ಮಗ್ಗುಲಲ್ಲಿ ಅಕ್ಕಿ ಆರಿಸುತ್ತಾ ಕೂತಳು. ಒಂದೂ ಕಲ್ಲು ಆರಿಸಲಿಲ್ಲ, ಮಾತನ್ನು ಆರಿಸಿದಳು.

"ದಸರಾಕ್ಕಾದ್ರೂ ಮುಗಿಸಾನ ಸ್ವಾಮಿ. ಜನ ನನ್ನನ್ನ ಬೈತಾ ಅವ್ರೆ."

"ಅವ್ವ ಇರೋ ತನಕ ನನ್ ಕೈಲಿ ಆಗಲ್ಲ ಚಿಕ್ಕೀರಪ್ಪಣ್ಣ" ಎಂದ ಅಮರೇಶ್. "ಬಲವಂತ ಮಾಡಬ್ಯಾಡ."

ಮೊರ ತೊಡೆಯ ಮೇಲೆ ಹಾಗೇ ಉಳಿಯಿತು. ಈಗ ಎಲ್ಲವೂ ನೀಟಾಗಿ ಕೂಡಿಕೊಂಡಿತು. ಮುದುಕಿ ಇವತ್ತೋ ನಾಳೆಯೋ. ಮಂತ್ರಿ ಬಂದು ಟೇಪು ಕತ್ತರಿಸುವ ದಿನವೇ ಕಣ್ಮುಚ್ಚಿದರೆ ಶುಭಕಾರ್ಯ ಹೋಗಿ ಸಾವಿನ ಮನೆ ಆಗುತ್ತದೆ. ಅದಕ್ಕೇ ಮೊದಲು ಅವಳದೊಂದು ಆಗಿಹೋಗಲಿ ಎಂದು ಮಗ ಕಾಯುತ್ತಿದ್ದಾನೆ. ಬೆಳಗಾದರೆ ಇಣುಕಿ ನೋಡುವುದು ಉಸಿರು ನಿಂತಿತೇ ಎಂದು. ಫೋಟೋವೂ ತಯಾರು. ಅವಳಿಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಜ್ವರ ಬಂದಾಗ ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ತಿರುಗಿದ ಮಗು ಇವನೇ ಅಲ್ಲವೇ ಎಂದುಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟೂ ಬಂತು. ತಾನು ಸಾಯಲಿ ಎಂದು ಕಾಯುತ್ತಿರುವ ಆ ಪಾರ್ಕನ್ನು ಕಣ್ಣಾರೆ ನೋಡದೆ ಬಿಡುವುದಿಲ್ಲ ಎಂದು ನಿಶ್ಚಯಿಸಿದಳು.

ಮಾರನೇ ದಿನ "ನೂರ್ ಬೀ ಮನೆಗೆ ಹೋಗ್ಬರ್ತೀನಿ" ಎಂದು ಹೊರಟವಳು ಬಳ್ಳಾರಿ ಬಸ್ಸು ಹತ್ತಿದಳು. ನೂರ್ ಬೀಗೆ ಮಾತ್ರ ನಿಜ ಹೇಳಿ, ಬಾಯಿ ಕಟ್ಟಿ ಬಂದಿದ್ದಳು, ಅದು ಎಷ್ಟು ಹೊತ್ತು ಕಟ್ಟಿರುತ್ತದೆ ಎಂಬುದು ಬೇರೆ ಮಾತು.

ಗೇಟು ಬಣ್ಣ ಹೊಡೆಸಿಕೊಂಡು ಹೊಳೆಯುತ್ತಿತ್ತು. ಬೇವಿನ ಮರದ ಕೆಳಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಚಿಕ್ಕೀರಪ್ಪ ಅವಳನ್ನು ಕಂಡವನೇ "ಅಯ್ಯೋ ದೇವುಡಾ!" ಎಂದು ಎದ್ದು ನಿಂತ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಕುರಿಗಾಹಿ ಕಂಬಳಿ ಹೊದ್ದು ನಿಂತಿದ್ದ, ನೇಕಾರ ಲಾಳಿ ಹಿಡಿದಿದ್ದ, ರೈಲು ಕಂಬಿಯ ಮೇಲಿತ್ತು. ಎಲ್ಲ ಮುಗಿದು ಧೂಳು ಹಿಡಿಯುತ್ತಿತ್ತು. ಮೊದಲನೇ ಮನೆಯ ಪಡಸಾಲೆಯಲ್ಲಿ ಮಾತ್ರ ಏನೋ ಒಂದಕ್ಕೆ ಕಂಬಳಿ ಹೊದಿಸಿದ್ದರು.

"ಅದನ್ನ ಮುಟ್ಟಬ್ಯಾಡ್ರಿ ಅಮ್ಮಾ" ಎಂದು ಚಿಕ್ಕೀರಪ್ಪ ಓಡಿ ಬರುವಷ್ಟರಲ್ಲಿ ಅವಳು ಕಂಬಳಿ ಎಳೆದುಬಿಟ್ಟಳು.

ಬೀಸುಕಲ್ಲಿನ ಮುಂದೆ ಅವಳೇ ಕೂತಿದ್ದಳು. ಅದೇ ಮೂಗುಬೊಟ್ಟು, ಗಲ್ಲದ ಮೇಲಿನ ಅದೇ ಗಾಯದ ಗುರುತು, ಹಸಿರು ಅಂಚಿನ ಅದೇ ಸೀರೆ. ಕಣ್ಣು ಮಾತ್ರ ಇರಲಿಲ್ಲ. ಎರಡು ಬಿಳಿಯ ಗುಳಿಗಳು ಸುಮ್ಮನೆ ಅವಳನ್ನು ನೋಡುತ್ತಿದ್ದವು.

"ನಿಮ್ ಫೋಟೋ ನೋಡ್ಕಂಡು ಮಾಡಿದ್ದು" ಎಂದ ಚಿಕ್ಕೀರಪ್ಪ ತಲೆ ಕೆರೆಯುತ್ತಾ. "ನಿಮ್ಮ ಮಗನೇ ಆಸೆಪಟ್ಟು ಹೇಳಿ ಮಾಡಿಸಿದ್ದು. ನಿಮಗೇ ತೋರಿಸಿ ಖುಷಿ ಪಡಿಸಬೇಕು ಅಂತಿದ್ರು. ಮುಖ ಥೇಟ್ ಬಂದ್‌ಬಿಡ್ತು ನೋಡಿ, ಹೆದರ್ಕಂಡ್ರು. ಕಣ್ಣು ಬರದ್ರೆ ಗೊಂಬೆಗೆ ಜೀವ ಬಂದಂಗೆ. ಅಪ್ಪಂದು ಹಂಗಾತು, ಅವ್ವಂದೂ ಹಂಗೇ ಆದ್ರೆ ಅಂತ ಬರಿಯಾಕೆ ಬಿಡವಲ್ರು. ಒಡೆದು ಬೇರೆ ಮಾಡ್ಲಾ ಅಂದ್ರೆ, ಅವ್ವನ ಮುಖಕ್ಕೆ ಸುತ್ತಿಗೆ ಹಾಕ್ತೀಯಾ ಅಂತ ನನ್ ಮ್ಯಾಲೇ ಬಂದ್ರು. ಕುರುಡು ಗೊಂಬೆ ಇಟ್ಕಂಡು ಬಾಗಿಲು ತೆಗಿಯಾಕೂ ಆಗವಲ್ದು."

ಹೊರಗೆ ಮೋಟರ್ ಸೈಕಲ್ ನಿಂತ ಸದ್ದಾಯಿತು. ನೂರ್ ಬೀಯ ಬಾಯಿ ಮಧ್ಯಾಹ್ನದವರೆಗೂ ತಡೆದಿರಲಿಲ್ಲ. ಅಮರೇಶ್ ಓಡಿ ಬಂದವನು, ಕಂಬಳಿ ನೆಲದ ಮೇಲೆ ಬಿದ್ದದ್ದನ್ನು ನೋಡಿ ಬಾಗಿಲಲ್ಲೇ ನಿಂತ.

"ನೋಡ್‌ಬಿಟ್ಯಾ?" ಎಂದ.

"ನಾನು ಸಾಯ್ಲಿ ಅಂತ ಕಾಯ್ತಾ ಅವ್ನೆ ನನ್ ಮಗ ಅಂದ್ಕಂಡಿದ್ದೆ ಕಣೋ" ಎಂದಳು ತಿಪ್ಪೇರುದ್ರಮ್ಮ. ನೇರವಾಗಿ ಹೇಳಿಬಿಟ್ಟಳು, ಇಷ್ಟು ದಿನ ಮುಚ್ಚಿಟ್ಟದ್ದೇ ಅವಳಿಗೆ ಹೆಚ್ಚಾಗಿತ್ತು.

ಅಮರೇಶನ ಮುಖ ಆ ಗೊಂಬೆಯ ಕಣ್ಣಿನ ಗುಳಿಗಿಂತ ಬೆಳ್ಳಗಾಯಿತು. ಮಂಡಿಯಲ್ಲಿ ಹತ್ತು ಜನರ ಮುಂದೆ ದನಿ ಏರಿಸುವವನು ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಹುಡುಗನ ಹಾಗೆ ಬಿಕ್ಕಿದ. "ಅಪ್ಪನ್ನ ನಾನೇ ಗೋಡೆಗೆ ಏರಿಸ್ದೆ ಕಣವ್ವ. ನಿನ್ನೂ ನಾನೇ..." ಎಂದ. ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನು ಆ ಫೋಟೋಕ್ಕೆ ಹಾರ ಬದಲಿಸುತ್ತಿದ್ದ ಎಂಬುದು ಅವಳಿಗೆ ಆಗ ಗೊತ್ತಾಯಿತು. ಅನುಮಾನ ಪಡಬೇಕಾದ ಕಡೆ ಪಡದೆ, ಪಡಬಾರದ ಕಡೆ ಪಟ್ಟಿದ್ದಕ್ಕೆ ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು.

"ನಿಮ್ಮಪ್ಪ ದಿನಕ್ಕೆ ಎರಡು ಕಟ್ಟು ಬೀಡಿ ಸೇದಿ ಹೋದ್ರೋ. ಫೋಟೋ ಏನ್ ಮಾಡ್ತೈತೆ?" ಎಂದು ಮಗನ ತಲೆ ಸವರಿದಳು. ಆಮೇಲೆ ಚಿಕ್ಕೀರಪ್ಪನ ಕಡೆ ತಿರುಗಿದಳು. "ಕುಂಚ ತಗಂಬಾ."

"ನಾನು ಬರಿಯಲ್ರೀ ಅಮ್ಮಾ. ಅವರು ಹೂಂ ಅನ್ನದೆ..."

"ನಿನಗ್ಯಾರು ಬರಿ ಅಂದ್ರು? ನನ್ ಕಣ್ಣು, ನಾನೇ ಬರೀತೀನಿ."

ಅಮರೇಶ್ ಮುಖ ತಿರುಗಿಸಿಕೊಂಡ. ಅವಳು ರಂಗೋಲಿ ಬಿಟ್ಟು ಬೇರೇನೂ ಬರೆದವಳಲ್ಲ. ಬಲಗಣ್ಣು ಚೆನ್ನಾಗಿ ಬಂತು, ಎಡಗಣ್ಣು ಕಿರಿದಾಗಿ ಸ್ವಲ್ಪ ಓರೆಯಾಯಿತು. ತಿದ್ದುತ್ತೇನೆ ಎಂದ ಚಿಕ್ಕೀರಪ್ಪನನ್ನು ಅವಳು ಬಿಡಲಿಲ್ಲ.

ದಸರಾಕ್ಕೆ ಹಳ್ಳಿಲೋಕ ತೆರೆಯಿತು. ಪರಶುರಾಂಪುರದಿಂದ ಟ್ರ್ಯಾಕ್ಟರು ತುಂಬ ಜನ ಬಂದರು. ಬೀಸುವ ಮುದುಕಿಯ ಮುಂದೆ ಬಂದವರೆಲ್ಲ ನಗುತ್ತಿದ್ದರು. ಆ ಎಡಗಣ್ಣು ಎಲ್ಲಿ ನಿಂತರೂ ಕದ್ದ ಮಾಲು ಎಲ್ಲಿಟ್ಟೆ ಎಂದು ಕೇಳಿದಂತೆ ನೋಡುತ್ತಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ತಿಪ್ಪೇರುದ್ರಮ್ಮನೂ ಹಾಗೇ ನೋಡುತ್ತಿದ್ದಳು. "ನಿನಗಿಂತ ಅವಳೇ ಚೆನ್ನಾಗವ್ಳೆ" ಎಂದಳು ನೂರ್ ಬೀ.

ಮಾರನೇ ದಿನ ಬೆಳಗಿನ ಜಾವ ಬಾಗಿಲು ಮೆಲ್ಲಗೆ ಸರಿಯಿತು. ಅಮರೇಶ್ ತಲೆ ತೂರಿಸಿ ಉಸಿರು ಬಿಗಿಹಿಡಿದು ನಿಂತ. ಎಚ್ಚರವಾಗಿಯೇ ಇದ್ದ ತಿಪ್ಪೇರುದ್ರಮ್ಮ ಕಣ್ಣು ತೆರೆಯಲಿಲ್ಲ. ಅವನಿಗೆ ಕೇಳಿಸುವಷ್ಟು ಜೋರಾಗಿ ಒಂದು ಸಲ ಕೆಮ್ಮಿದಳು. ಬಾಗಿಲು ಮುಚ್ಚಿಕೊಂಡಿತು. ಅಂದಿನಿಂದ ದಿನಾ ಬೆಳಿಗ್ಗೆ, ಕೆಮ್ಮು ಇರಲಿ ಇಲ್ಲದಿರಲಿ, ಆ ಹೊತ್ತಿಗೆ ಎಚ್ಚರಾಗಿ ಮಗನಿಗಾಗಿ ಕಾದು ಕೆಮ್ಮುತ್ತಿದ್ದಳು.