ಬೀಗತಿಯ ಊರಿನ ಮಾತು

ನನ್ನ ಮಗ ಶಾಂತಲಿಂಗಪ್ಪ ಜೇವರ್ಗಿಯಲ್ಲಿ ಲಿಂಗೈಕ್ಯನಾದ ಸುದ್ದಿ ಆಳಂದಕ್ಕೆ ಮುಂಜಾನೆ ಪೂಜೆಯ ಹೊತ್ತಿಗೆ ಬಂತು. ನಿಜಾಮರ ರಾಜ್ಯ ಹೋದ ವರ್ಷದ ಕಾರ್ತಿಕ ಅದು. ಸುದ್ದಿ ತಂದವನು, “ಅತ್ತಿ ಮನಿಯಾಗ ಹ್ವಾದ್ರಿ” ಎಂದ. ಮಗ ಹೋದನೆಂಬುದಕ್ಕಿಂತ ಅತ್ತೆಯ ಮನೆಯೆಂಬ ಮಾತೇ ಮೊದಲು ಎದೆಗೆ ನಾಟಿತು.

ಅವನು ಅಫಜಲಪುರ ದವಾಖಾನೆಯ ಕಂಪೌಂಡರ. ಜೇವರ್ಗಿಯಲ್ಲಿ ರೋಗ ಎದ್ದಿದೆಯೆಂದು ಅಲ್ಲಿಗೆ ಕಳಿಸಿದ್ದರು. ನಮ್ಮದು ನಾಟಿ ವೈದ್ಯರ ಮನೆತನ; ಬೇನೆಗಳ ಹೆಸರು ಅವನಿಗೆ ಕಲಿಸಿದವನು ನಾನು. ಆ ಬೇನೆಗೆ ನಮ್ಮ ಆಳಂದದಲ್ಲಿ ಪಟಕಿ ಎನ್ನುತ್ತೇವೆ; ಇಲ್ಲಿನ ದವಾಖಾನೆಯವರೂ ಹಾಗೇ ಬರೆಯುತ್ತಿದ್ದರು. ಅಫಜಲಪುರದ ದವಾಖಾನೆಯಲ್ಲಿ ಹೈಜಾ ಎಂದು ಬರೆಯುತ್ತಿದ್ದರು, ಜೇವರ್ಗಿಯಲ್ಲಿ ವಾಂತಿಭೇದಿ ಎಂದು. ಮೇಲಿನ ಕಚೇರಿಯವರು ಮೂರನ್ನೂ ಬೇರೆ ಬೇರೆ ಎಣಿಸಿ, ಮೂರೂ ಸಣ್ಣ ರೋಗವೆಂದು ಔಷಧ ತಡಮಾಡಿದರು. ಆಮೇಲೆ ಮೂರೂ ದವಾಖಾನೆಯವರು ಕೂಡಿ ಒಂದೇ ಹೆಸರು ಬರೆಯುವುದೆಂದು ಒಪ್ಪಿದರು. ಮುಂದಾಳು ನನ್ನ ಮಗ. ಆರಿಸಿದ್ದು ವಾಂತಿಭೇದಿ.

“ನಿನಗ ನಿಮ್ಮತ್ತಿ ಊರ ಮಾತೇ ಸಿಕ್ತೇನೋ?” ಎಂದು ಕೇಳಿದ್ದೆ.

“ಅಪ್ಪಾ, ಆ ಹೆಸರು ಕೇಳಿದ್ರ ಮೂರೂ ಊರಾಗ ತಿಳೀತದ. ಅಷ್ಟ.”

ನಾನು ನಂಬಲಿಲ್ಲ. ಬೀಗತಿ ಸುಭದ್ರಾಬಾಯಿ ಹೋಳಿಗೆ ತುಪ್ಪ ಉಣಿಸಿಯೇ ಅವನನ್ನು ತನ್ನವನನ್ನಾಗಿ ಮಾಡಿಕೊಂಡಿದ್ದಳು.

ತೊಗರಿ ಒಯ್ಯುವ ಲಾರಿಯೊಂದನ್ನು ಗೊತ್ತುಮಾಡಿಕೊಂಡು ಹೊರಟೆ. ಮಗನನ್ನು ತಂದು ಅವನ ತಾಯಿಯ ಸಮಾಧಿಯ ಮಗ್ಗುಲಲ್ಲಿ ಇಡುವುದೊಂದೇ ನನ್ನ ಆಸೆ.

ಜೇವರ್ಗಿಯಲ್ಲಿ ಸೊಸೆ ಗೋಡೆಗೆ ಒರಗಿ ಕುಳಿತಿದ್ದಳು. ಬೀಗತಿ ಎದ್ದು ಬಂದಳು. “ನನ್ನ ತೊಡಿ ಮ್ಯಾಲೇ ಜೀವ ಬಿಟ್ನರಿ ಬೀಗರ. ನಮ್ಮ ಹೊಲದಾಗ ಕುಣಿ ತೋಡಿಸೇನಿ.”

ಆ ತೊಡೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. “ಯಾರನ್ನ ಕೇಳಿ ತೋಡಿಸಿದ್ರಿ? ಅಂವ ಆಳಂದದಾಂವ.”

“ವರ್ಷಕ್ಕೊಮ್ಮಿ ಮಾರಿ ತೋರಿಸಾಂವ ಆಳಂದದಾಂವ ಏನ್ರಿ?”

ಅಷ್ಟರಲ್ಲಿ ಜೇವರ್ಗಿಯ ಕಂಪೌಂಡರ ಸಲಾವುದ್ದೀನ ಬಂದ. ಮಗನ ಗೆಳೆಯ. ಅತ್ತು ಅವನ ಕಣ್ಣು ಕೆಂಪಾಗಿದ್ದವು.

“ಕಾಕಾ, ಸಾವಿನ ಕಾಗದದಾಗ ವಾಂತಿಭೇದಿ ಅಂತ ಬರದ್ರ ಹೆಣ ಊರ ದಾಟಂಗಿಲ್ರಿ. ಜ್ವರ ಅಂತ ಬರದ್ರ ಒಯ್ಯಬಹುದು. ಅಂವ ನನ್ನ ದೋಸ್ತ. ನೀವು ಅಂದಂಗ ಬರೀತೇನಿ.”

ಬೀಗತಿ ನನ್ನನ್ನೇ ನೋಡಿದಳು. ಲಾರಿ ಅಂಗಳದಾಚೆ ನಿಂತಿತ್ತು. ಜ್ವರ ಎಂಬ ಒಂದು ಮಾತು ಸಾಕು, ಮಗ ನನ್ನವನು. ಆದರೆ ದಾರಿಯುದ್ದಕ್ಕೂ ಊರುಗಳಿವೆ. ಹೆಣ ಬಂತೆಂದರೆ ಜನ ನೀರು ತರುತ್ತಾರೆ, ಮುಟ್ಟಿ ಅಳುತ್ತಾರೆ, ಆಮೇಲೆ ಬಾವಿಗೆ ಹೋಗುತ್ತಾರೆ. ಅವರು ಉಳಿಯಲೆಂದು ಓಡಾಡಿದವನು ಅವನು. ಅವನಿಂದಲೇ ಅವರ ಮನೆಗಳಲ್ಲಿ ಹೆಣ ಬೀಳುವುದೇ?

“ವಾಂತಿಭೇದಿ ಅಂತ ಬರಿಯಪ್ಪಾ” ಎಂದೆ. ಬೀಗತಿಯ ಊರಿನ ಆ ಮಾತು ನನ್ನ ಬಾಯಿಂದಲೇ ಬಂತು.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗೆದ್ದಳೆಂದೇ ನನಗನಿಸಿತು. ಕುಣಿಯ ಬಳಿ ಅವಳು ವಿಭೂತಿ ಹಿಡಿದು ಮುಂದೆ ಬಂದಾಗ, “ತಡೀರಿ” ಎಂದು ನಾನೇ ಅವನ ಹಣೆಗೆ ಹಚ್ಚಿದೆ. ಮೊದಲ ಹಿಡಿ ಮಣ್ಣನ್ನೂ ಬಿಟ್ಟುಕೊಡಲಿಲ್ಲ. ಲಾರಿ ಬರಿದಾಗಿ ಆಳಂದಕ್ಕೆ ಹೋಯಿತು.

ಪರಶಿವನೇ, ನನ್ನ ಮಗ ಪರರ ಹೊಲದಲ್ಲಿ ಮಲಗಿದ್ದಾನೆ. ಈ ಕಿಚ್ಚು ನನ್ನೊಳಗೇ ಉರಿಯಲಿ, ಅವನಿಗೆ ಅದರ ಕಾವು ತಟ್ಟದಿರಲಿ. ಅವನನ್ನು ನಿನ್ನಲ್ಲಿ ತಣ್ಣಗೆ ಇಟ್ಟುಕೋ ತಂದೆ.