ಮೂರು ಅಡಿಗೆ ಇಳಿದ ಹಲಗೆ

ಹಿಟ್ಟಿನ ಗಿರಣಿಯ ಮುಂದೆ ಮೂರು ಮೆಟ್ಟಿಲು. ಮೂರೇ ಮೂರು. ಆದರೆ ಐವತ್ತು ಕಿಲೋ ಮೂಟೆ ಹಿಡಿದವರಿಗೆ ಅದೇ ಬೆಟ್ಟ. ಗಿರಣಿಯವನು ಒಂದು ತುದಿ, ಹೆಂಡತಿ ಇನ್ನೊಂದು ತುದಿ ಹಿಡಿದು ದಿನಕ್ಕೆ ಹತ್ತಿಪ್ಪತ್ತು ಮೂಟೆ ಏರಿಸುತ್ತಿದ್ದರು.

ಇದನ್ನು ನೋಡಲಾರದೆ ಹೆಂಡತಿಯ ಅಣ್ಣ, ಕಸುಬಿನಲ್ಲಿ ಬಡಗಿ, ಒಂಬತ್ತು ಅಡಿಯ ಹಲಗೆಯನ್ನೂ ಎರಡು ಚಕ್ರದ ಕೈಗಾಡಿಯನ್ನೂ ತಂದುಕೊಟ್ಟ.

"ಮೆಟ್ಟಿಲ ಮೇಲೆ ಓರೆಯಾಗಿ ಇಡಿ ಭಾವ. ಮೂಟೆ ಗಾಡಿ ಮೇಲೆ ಕೂತು ಬರುತ್ತೆ" ಎಂದ ಬಡಗಿ.

"ಏನ್ ಭಾವ ಇದು, ಗಿರಣಿ ಬೀದಿಗೆ ನಾಲಿಗೆ ಚಾಚಿದ ಹಾಗಿದೆ! ಬಂದೋರು ಎಡವಿ ಬೀಳ್ಲಿ ಅಂತಾನಾ?" ಗಿರಣಿಯವನು ನಕ್ಕ.

ಬಡಗಿ ಅತ್ತ ಹೋಗುತ್ತಲೇ ಗಿರಣಿಯವನು ಗರಗಸ ತಂದು ಹಲಗೆಯನ್ನು ಮೂರು ಅಡಿಗೆ ಕತ್ತರಿಸಿದ. ಮೊದಲ ಮೂಟೆಯೇ ಆ ಕಡಿದಾದ ಹಲಗೆಯಿಂದ ಗಾಡಿ ಸಮೇತ ಜಾರಿ ಬಿತ್ತು.

"ನೋಡಿದ್ಯಾ ನಿಮ್ಮಣ್ಣನ ಯಂತ್ರ?" ಎಂದು ಹೆಂಡತಿಯನ್ನು ಛೇಡಿಸಿ, ಮೂಟೆಯ ತುದಿಯನ್ನು ಮತ್ತೆ ಅವಳ ಕೈಗೇ ಕೊಟ್ಟ.

"ಸೊಂಟ ಹಿಡ್ಕೊಂಡಿದೆ ರೀ" ಎಂದು ಅವಳು ಎರಡು ಸಲ ಹೇಳಿದಳು. "ಇದೊಂದು ಮೂಟೆ ಕಣೇ" ಎಂದು ಅವನು ಎರಡು ಸಲವೂ ಅಂದ. ಮೂರನೆಯ ಸಲ ಅವಳು ನಡುವಿನ ಮೆಟ್ಟಿಲಲ್ಲಿ ಕುಸಿದು ಕುಳಿತಳು.

ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿದೆ, ಇನ್ನು ಮೇಲೆ ತುಂಬಿದ ಕೊಡವನ್ನೂ ಎತ್ತಬಾರದು ಎಂದರು ಡಾಕ್ಟರು.

ತಂಗಿಯನ್ನು ನೋಡಲು ಬಂದ ಬಡಗಿ, ಮೂಲೆಯಲ್ಲಿದ್ದ ತುಂಡು ಹಲಗೆಯನ್ನು ಎತ್ತಿ, ಗರಗಸ ಆಡಿದ ಅಂಚನ್ನು ಬೆರಳಿನಿಂದ ಸವರಿದ.

"ಬೈದುಬಿಡಿ ಭಾವ" ಎಂದ ಗಿರಣಿಯವನು.

"ಬೈದ್ರೆ ಅವಳ ಬೆನ್ನು ಸರಿಹೋಗುತ್ತಾ? ಏರೋ ಎತ್ತರ ಯಾವಾಗ್ಲೂ ಅಷ್ಟೇ ಭಾವ. ಹಲಗೆ ಉದ್ದ ಇದ್ರೆ ತಳ್ಳೋ ದೂರ ಜಾಸ್ತಿ, ಹಾಕೋ ಬಲ ಕಮ್ಮಿ. ನೀವು ಕತ್ತರಿಸಿದ್ದು ಆ ಉದ್ದಾನೇ. ಬೀದಿಗೆ ಅಡ್ಡ ಅಂದ್ರೆ ಕೆಲಸ ಮುಗಿದ ಮೇಲೆ ಎತ್ತಿ ಗೋಡೆಗೆ ಒರಗಿಸಬಹುದಿತ್ತಲ್ಲಾ?"

ಮರುದಿನ ಒಂಬತ್ತು ಅಡಿಯ ಹೊಸ ಹಲಗೆ ಬಂತು. ಜಾರದಂತೆ ಬಡಗಿ ಅದರ ಮೇಲ್ತುದಿಗೆ ಕಬ್ಬಿಣದ ಕೊಕ್ಕೆಯನ್ನೂ ಹೊಡೆದಿದ್ದ. ಗಿರಣಿಯವನು ಒಬ್ಬನೇ ಗಾಡಿ ತಳ್ಳಿದ. ಮೂಟೆ ತಕರಾರಿಲ್ಲದೆ ಒಳಗೆ ಬಂತು.

ಚಾಪೆಯ ಮೇಲೆ ಮಲಗಿ ನೋಡುತ್ತಿದ್ದ ಹೆಂಡತಿ ಮೆಲ್ಲಗೆ ಕೇಳಿದಳು: "ಇಷ್ಟು ಸುಲಭಾನಾ ರೀ?"

ಅವನು ಗಾಡಿಯ ಹಿಡಿಯನ್ನು ಬಿಟ್ಟು ಬಂದು ಅವಳ ಪಕ್ಕ ಕುಳಿತ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ಭಾರ ಎತ್ತುವ ಮುಂಚೆ ಒಮ್ಮೆ ಸುತ್ತ ನೋಡಿ. ಉದ್ದದ ಹಲಗೆ, ಚಕ್ರ, ರಾಟೆ, ಸನ್ನೆಕೋಲು, ಯಾವುದಾದರೂ ಒಂದು ಹತ್ತಿರದಲ್ಲೇ ಇದ್ದೀತು. ಬಳಸುವ ಬಗೆ ತಿಳಿಯದಿದ್ದರೆ ಬಲ್ಲವರನ್ನು ಕೇಳಿ, ಸಂಕೋಚ ಬೇಡ. ಜೊತೆಗಿರುವವರು ನೋವು ಎಂದರೆ, ಮೊದಲ ಸಲ ಅಂದಾಗಲೇ ಮೂಟೆ ಕೆಳಗಿಡಿ.