ರೇಜರ್ ಹಿಡಿದು ಕೇಳಿದ ಎಕ್ಸಿಟ್ ಪೋಲ್

ಮತದಾನ ಮುಗಿದ ಸಂಜೆಯಿಂದ ಎಣಿಕೆಯ ದಿನದವರೆಗೆ ನಮ್ಮ ಬೀದಿಯಲ್ಲಿ ಒಂದು ಕಾಯಿಲೆ ಹರಡುತ್ತದೆ. ಜ್ವರವಿಲ್ಲ, ಕೆಮ್ಮಿಲ್ಲ, ಬಾಯಿ ಮಾತ್ರ ಮುಚ್ಚುವುದಿಲ್ಲ. ಟಿವಿಯಲ್ಲಿ ಎಕ್ಸಿಟ್ ಪೋಲ್ ಬಂದರೆ ಸಾಕು, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಗೊತ್ತಿಲ್ಲದವರಿಗೂ ಸರ್ಕಾರ ಯಾರದು ಬರುತ್ತದೆಂದು ಗೊತ್ತಾಗಿಬಿಡುತ್ತದೆ. ಈ ಸಲ ಆ ಕಾಯಿಲೆ ಜೋರಾಗಿ ತಗುಲಿದ್ದು ಸಲೂನಿನ ಕ್ರಾಪಣ್ಣನಿಗೆ.

ಕ್ರಾಪಣ್ಣ ಅನ್ನುವುದು ನಾವಿಟ್ಟ ಹೆಸರು. ವಯಸ್ಸು ಐವತ್ತೆರಡು, ತಲೆತುಂಬ ಗುಂಗುರು ಕೂದಲು, ಹುಡುಕಿದರೂ ಒಂದು ಬಿಳಿ ಎಳೆ ಸಿಗುವುದಿಲ್ಲ. ಅವನ ಅಂಗಡಿಗೆ ಬೋರ್ಡಿಲ್ಲ. ಬಾಗಿಲಲ್ಲಿ ಅವನೇ ನಿಂತುಕೊಳ್ಳುತ್ತಾನೆ, ಆ ತಲೆಯೇ ಬೋರ್ಡು. ಗಿರಾಕಿಗಳು ಬಂದು ಕೂತು "ನಿನ್ನ ಹಾಗೇ ಮಾಡು" ಅನ್ನುತ್ತಾರೆ. ಆಗುವುದಿಲ್ಲ, ಅದು ಬೇರೆ ಮಾತು.

ನಮ್ಮ ಕ್ಷೇತ್ರದಲ್ಲಿ ನಿಂತವರು ಇಬ್ಬರು. ಒಬ್ಬರು ಪಂಪ್‌ಸೆಟ್ ಅಂಗಡಿಯ ಮಾಲೀಕರು, ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಕ್ರಾಪಣ್ಣನಿಗೆ ಮಗ್ಗಿ ಕಲಿಸಿದವರು ಆ ಮೇಷ್ಟ್ರೇ. ಅವನು ಹೊಸದಾಗಿ ಅಂಗಡಿ ಇಟ್ಟಾಗ, ಕಲಿಯುವ ಕೈಗೆ ಕತ್ತು ಕೊಡಲು ಊರೆಲ್ಲ ಹೆದರಿದ್ದಾಗ, ಮೊದಲು ಬಂದು ಕುರ್ಚಿಯಲ್ಲಿ ಕೂತವರೂ ಅವರೇ. ಅವರೆಂದರೆ ಕ್ರಾಪಣ್ಣನಿಗೆ ಪ್ರಾಣ.

ಮತಗಟ್ಟೆ ಇದ್ದದ್ದು ಬೀದಿಯ ಕೊನೆಯ ಶಾಲೆಯಲ್ಲಿ. ಓಟು ಹಾಕಿ ಬಂದವರು ಹಾಗೇ ಸಲೂನಿಗೂ ಬಂದರು, ರಜೆಯಿತ್ತಲ್ಲ. ಕ್ರಾಪಣ್ಣ ಗೋಡೆಯ ಹಳೆಯ ಕ್ಯಾಲೆಂಡರ್ ತಿರುಗಿಸಿ ಪೆನ್ಸಿಲ್ ಹಿಡಿದ. ಶೇವಿಂಗ್‌ಗೆ ಬಂದವರನ್ನೆಲ್ಲ ಕುರ್ಚಿಗೆ ಒರಗಿಸಿ, ಕೆನ್ನೆಗೆ ನೊರೆ ಬಳಿದು, ರೇಜರನ್ನು ಗಂಟಲಿಗೆ ತಾಗಿಸಿ ಕೇಳಿದ:

"ಮೇಷ್ಟ್ರಿಗೇ ಹಾಕಿದ್ರಿ ತಾನೇ?"

ರೇಜರ್ ಎಲ್ಲಿದೆ ಎಂಬುದನ್ನು ಅವನು ಗಮನಿಸಲಿಲ್ಲ. ಗಿರಾಕಿಗಳು ಗಮನಿಸಿದರು. ತಲೆ ಅಲ್ಲಾಡಿಸುವುದೂ ಅಪಾಯವಾದ್ದರಿಂದ "ಹ್ಞೂಂ" ಎಂದರು. ನಾನೂ ಆ ಕುರ್ಚಿಯಲ್ಲಿ ಕೂತಿದ್ದೆ, ನಾನೂ "ಹ್ಞೂಂ" ಎಂದೆ. ನಿಜವಾಗಿ ಯಾರಿಗೆ ಹಾಕಿದೆ ಎಂದು ನಿಮಗೂ ಹೇಳುವುದಿಲ್ಲ.

ಸಂಜೆಯ ಹೊತ್ತಿಗೆ ಕ್ಯಾಲೆಂಡರಿನಲ್ಲಿ ನೂರಹನ್ನೆರಡು ಗೀಟುಗಳಿದ್ದವು. ಅದರಲ್ಲಿ ಮೇಷ್ಟ್ರಿಗೆ ನೂರಾ ಒಂದು. ಉಳಿದ ಹನ್ನೊಂದು ಜನ ಬರೀ ಕಟಿಂಗ್‌ಗೆ ಬಂದವರು.

ಮತದಾನ ಮುಗಿಯಿತು. ಟಿವಿಯಲ್ಲಿ ಎಕ್ಸಿಟ್ ಪೋಲ್ ಬಂತು: ಮೇಷ್ಟ್ರ ಪಕ್ಷಕ್ಕೆ ನೂರಹದಿನೈದರಿಂದ ನೂರಮೂವತ್ತು ಸ್ಥಾನ. ಕ್ರಾಪಣ್ಣ ಟವೆಲ್ ಬೀಸುತ್ತ ಬೀದಿಗೆ ಹಾರಿದ. "ನಾನು ಹೇಳಿದ್ದೂ ಅದೇ, ಟಿವಿ ಹೇಳಿದ್ದೂ ಅದೇ! ಮೇಷ್ಟ್ರು ಗೆದ್ರು!"

ಎದುರಂಗಡಿಯ ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಎಣಿಕೆ ಇನ್ನೂ ಆಗಿಲ್ವಲ್ಲೋ" ಎಂದ.

"ಎಣಿಸೋದೇನಿದೆ? ಮೇಷ್ಟ್ರು ಸೋತ್ರೆ ನನ್ನ ಈ ತಲೆಯನ್ನ ನಿನ್ನ ಕೈಗೆ ಕೊಡ್ತೀನಿ. ಬಟ್ಟೆ ಕತ್ತರಿಸೋ ಕತ್ತರೀಲೇ ಬೋಳಿಸು!"

ಬೀದಿಯೇ ಸಾಕ್ಷಿಯಾಯಿತು. ಟೈಲರ್ ಕತ್ತರಿಗೆ ಎಣ್ಣೆ ಬಿಟ್ಟ.

ಅದೇ ಹೊತ್ತಿಗೆ ಕ್ರಾಪಣ್ಣನ ಅಕ್ಕನ ಮಗಳು ಹೆಗಲಿಗೆ ಚೀಲ ಹಾಕಿಕೊಂಡು ಬಂದಳು. ಅವಳಿಗೆ ಸಮೀಕ್ಷೆ ಕಂಪನಿಯಲ್ಲಿ ಕೆಲಸ. ಸಲೂನಿನ ಕುರ್ಚಿಯಲ್ಲಿ ಕುಸಿದು ಚಪ್ಪಲಿ ಬಿಚ್ಚಿ, ಒಳಗಿದ್ದ ಕ್ರಾಪಣ್ಣನ ಹೆಂಡತಿಗೆ ಕೇಳುವಂತೆ ಕೂಗಿದಳು.

"ಅತ್ತೆ, ಒಂದು ಲೋಟ ನೀರು ಕೊಡಿ. ಬೆಳಗ್ಗೆಯಿಂದ ಬೂತ್ ಹೊರಗೆ ನಿಂತು ಕಾಲು ಬಿದ್ದುಹೋಗಿದೆ."

"ನೋಡಿದ್ಯಾ ಪುಟ್ಟಿ, ನಿಮ್ಮ ಎಕ್ಸಿಟ್ ಪೋಲ್ ನಮ್ಮ ಮೇಷ್ಟ್ರನ್ನ ಗೆಲ್ಲಿಸ್ತು!"

"ಮೇಷ್ಟ್ರನ್ನಾ? ಅವರ ಹೆಸರನ್ನ ಯಾರು ಹೇಳಿದ್ರು ಮಾವ? ಪಕ್ಷಕ್ಕೆ ಒಟ್ಟು ಇಷ್ಟು ಸ್ಥಾನ ಬರಬಹುದು ಅಂದ್ರು ಅಷ್ಟೇ. ನಮ್ಮ ಕಂಪನಿಯವರು ಈ ಕ್ಷೇತ್ರಕ್ಕೆ ಕಾಲೇ ಇಟ್ಟಿಲ್ಲ. ನಾನು ನಿಂತಿದ್ದು ಪಕ್ಕದ ಕ್ಷೇತ್ರದಲ್ಲಿ."

ಕ್ರಾಪಣ್ಣನ ಹೆಂಡತಿ ನೀರು ತಂದು ಕೊಟ್ಟು, "ಅದಕ್ಕೇ ನಾನು ಹೇಳೋದು, ಈ ಟಿವಿಯವರದ್ದೆಲ್ಲ ಬುರುಡೆ ಅಂತ. ನನ್ನನ್ನ ಯಾರು ಕೇಳಿದ್ರು?" ಎಂದಳು.

"ಬುರುಡೆ ಅಂತಾನೂ ಅಲ್ಲ ಅತ್ತೆ. ಎಲ್ಲರನ್ನೂ ಕೇಳೋಕೆ ಆಗಲ್ಲ ಅಂತ ಕೆಲವು ಬೂತ್‌ಗಳನ್ನ ಆರಿಸ್ತಾರೆ. ಹಳ್ಳೀದು, ಪೇಟೇದು, ಎಲ್ಲ ಥರದ್ದೂ ಇರಬೇಕು. ಓಟು ಹಾಕಿ ಹೊರಗೆ ಬರೋರಲ್ಲಿ ಪ್ರತಿ ಹತ್ತನೆಯವರನ್ನ ನಾನು ನಿಲ್ಲಿಸಬೇಕು. ನಗ್ತಾ ಬರೋರನ್ನ ಮಾತ್ರ ಕೇಳೋ ಹಾಗಿಲ್ಲ. ಹತ್ತನೆಯವರು ಸಿಡುಕು ಮೋರೆಯವರಾದ್ರೆ ಅವರನ್ನೇ ಕೇಳಬೇಕು. ಇವತ್ತು ಒಬ್ಬರು ಕೊಡೆ ಎತ್ತಿಕೊಂಡು ಅಟ್ಟಿಸಿಕೊಂಡೇ ಬಂದ್ರು."

"ಮತ್ತೆ ಯಾರಿಗೆ ಹಾಕಿದ್ರು ಅಂತ ನಿನಗೆ ಹೇಳ್ತಾರಾ?" ಎಂದು ಅತ್ತೆ ಕೇಳಿದಳು.

"ಬಾಯಿಬಿಟ್ಟು ಹೇಳಬೇಕಿಲ್ಲ. ನಾನು ಚೀಟಿ ಕೊಡ್ತೀನಿ, ಅವರು ಗುರುತು ಮಾಡಿ ಮಡಚಿ ಡಬ್ಬಿಗೆ ಹಾಕ್ತಾರೆ, ನಾನು ನೋಡಲ್ಲ. ಆದ್ರೂ ಎಷ್ಟೋ ಜನ ಬೇಡ ಅಂತ ಹೋಗ್ತಾರೆ. ಕೆಲವರು ಬೇಕಂತಲೇ ಸುಳ್ಳು ಗುರುತು ಮಾಡ್ತಾರೆ. ಅದಕ್ಕೇ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತೆ. ಮತ ನೂರಕ್ಕೆ ಎರಡು ಆಚೀಚೆ ಆದ್ರೂ ಸ್ಥಾನ ಹತ್ತಿಪ್ಪತ್ತು ಏರುಪೇರಾಗಬಹುದು. ಹೋದ ಸಲ ನಮ್ಮ ಕಂಪನಿ ಪೂರ್ತಿ ಎಡವಿತ್ತು. ನಮ್ಮ ಸಾಹೇಬರು ಒಂದು ವಾರ ಫೋನೇ ಎತ್ತಲಿಲ್ಲ."

ಕ್ರಾಪಣ್ಣ ಕ್ಯಾಲೆಂಡರ್ ತಟ್ಟಿದ. "ನಿಮ್ಮದು ಎಡವಬಹುದು, ನನ್ನದು ಎಡವಲ್ಲ. ನೂರಹನ್ನೆರಡು ಜನಾನ ಮುಖಾಮುಖಿ ಕೇಳಿದ್ದೀನಿ!"

"ಅದರಲ್ಲಿ ಹೆಂಗಸರೆಷ್ಟು?"

ಕ್ರಾಪಣ್ಣ ತಲೆ ಕೆರೆದುಕೊಂಡ. "ಒಬ್ಬಳು. ನಿಮ್ಮತ್ತೆ. ಮೊದಲನೇ ಗೀಟೇ ಅವಳದ್ದು."

"ನನ್ನನ್ನ ಯಾವಾಗ ಕೇಳಿದ್ರೀ?" ಎಂದಳು ಹೆಂಡತಿ.

"ನಿನ್ನನ್ನ ಕೇಳೋದೇನಿದೆ? ನನ್ನ ಹೆಂಡ್ತಿ ಅಲ್ವಾ?"

ಅವಳು ಮುಸಿಮುಸಿ ನಗುತ್ತ ಲೋಟ ತೆಗೆದುಕೊಂಡು ಒಳಗೆ ಹೋದಳು. ಆ ನಗೆಯ ಅರ್ಥ ಇಂದಿಗೂ ಹೊರಬಿದ್ದಿಲ್ಲ.

"ಸರಿ, ಬೋಳುತಲೆಯವರು?" ಸೊಸೆ ಬಿಡಲಿಲ್ಲ.

"ಅವರು ಶೇವಿಂಗ್‌ಗೆ ಬರ್ತಾರೆ."

"ಗಡ್ಡ ಬಿಟ್ಟ ಬೋಳುತಲೆಯವರು?"

"ಅವರಿಗೇನಮ್ಮ ಕೆಲಸ ಇಲ್ಲಿ?"

"ನೋಡಿ ಮಾವ, ಕಟಿಂಗ್ ಮುಗಿದ ಮೇಲೆ ಗಿರಾಕಿ ತಲೆ ಹಿಂದೆ ಕೈಗನ್ನಡಿ ಯಾಕೆ ಹಿಡೀತೀರಿ?"

"ಹಿಂದುಗಡೆ ಅವರಿಗೆ ಕಾಣಲ್ವಲ್ಲ, ಅದಕ್ಕೆ."

"ನಿಮ್ಮ ಪೋಲ್‌ನಲ್ಲಿ ಆ ಕೈಗನ್ನಡಿ ಇಲ್ಲ. ನಿಮ್ಮ ಮುಂದೆ ಕೂತವರು ಮಾತ್ರ ಕಂಡ್ರು. ಅಂಗಡಿಗೆ ಬರದವರು ಯಾರೂ ಕಾಣಲಿಲ್ಲ. ಸಾವಿರ ಜನಾನ ಕೇಳಿದ್ರೂ ಎಲ್ಲ ಒಂದೇ ಥರದವರಾದ್ರೆ ಉಪಯೋಗವಿಲ್ಲ." ಅವಳು ಥಟ್ಟನೆ ಅವನ ಕೈ ಹಿಡಿದಳು. "ಅದಿರಲಿ, ಎಲ್ಲಿ ನಿಮ್ಮ ಬೆರಳಿನ ಶಾಯಿ?"

ಕ್ರಾಪಣ್ಣ ಕೈ ಎಳೆದುಕೊಂಡ. ಬೆರಳಲ್ಲಿ ನೊರೆ ಇತ್ತು, ಶಾಯಿ ಇರಲಿಲ್ಲ.

"ಅಂಗಡೀಲಿ ರಷ್ ಇತ್ತು ಪುಟ್ಟಿ. ಮಧ್ಯಾಹ್ನದ ಹೊತ್ತಿಗೇ ಎಪ್ಪತ್ತು ಗೀಟು ಬಿದ್ದಿದ್ವು. ಹೇಗೂ ಗೆದ್ದಾಯ್ತಲ್ಲ, ನನ್ನದೊಂದು ಯಾಕೆ ಅಂತ..."

"ಓಟು ಹಾಕಲೇ ಇಲ್ವಾ? ಮಾವ, ಮತದಾನ ಪೂರ್ತಿ ಮುಗಿಯೋವರೆಗೂ ಎಕ್ಸಿಟ್ ಪೋಲ್ ಬಾಯಿಬಿಡಬಾರದು ಅಂತ ನಿಯಮ ಇರೋದೇ ಇದಕ್ಕೆ. ಹೇಗೂ ಗೆದ್ದಾಯ್ತು ಅಂತ ಒಬ್ಬರು ಮನೇಲಿ ಕೂರ್ತಾರೆ, ಹೇಗೂ ಸೋತಾಯ್ತು ಅಂತ ಇನ್ನೊಬ್ಬರು. ನೀವು ನಿಮ್ಮ ಪೋಲ್‌ನ ನೀವೇ ನಂಬಿ ಮನೆಗೂ ಹೋಗದೆ, ಬೂತ್‌ಗೂ ಹೋಗದೆ ಇಲ್ಲೇ ಕೂತುಬಿಟ್ರಿ!"

ಕ್ರಾಪಣ್ಣ ಬೆರಳಿನ ನೊರೆಯನ್ನು ಟವೆಲಿಗೆ ಒರೆಸಿಕೊಂಡ. ಆದರೆ ಮರುದಿನ ಬೆಳಗ್ಗೆ ಮತ್ತೆ ಬಾಗಿಲಲ್ಲಿ ನಿಂತು ಜಂಬ ಕೊಚ್ಚಿದ. ಈ ಕಾಯಿಲೆ ಒಂದೇ ಡೋಸಿಗೆ ವಾಸಿಯಾಗುವಂಥದ್ದಲ್ಲ.

ಎಣಿಕೆಯ ದಿನ ಬಂತು. ಮೇಷ್ಟ್ರ ಪಕ್ಷಕ್ಕೆ ನೂರಿಪ್ಪತ್ತೊಂದು ಸ್ಥಾನ ಸಿಕ್ಕಿತು, ಟಿವಿ ಹೇಳಿದ ಲೆಕ್ಕದೊಳಗೇ. ನಮ್ಮ ಮೇಷ್ಟ್ರು ಮಾತ್ರ ಇನ್ನೂರ ಹದಿನಾರು ಮತಗಳಿಂದ ಸೋತರು.

ಕ್ರಾಪಣ್ಣ ಸೊಸೆಗೆ ಫೋನ್ ಮಾಡಿ ಕೂಗಾಡಿದ. "ನಿಮ್ಮ ಎಕ್ಸಿಟ್ ಪೋಲ್ ನನ್ನ ತಲೆ ತೆಗೀತಲ್ಲೇ!"

"ಎಕ್ಸಿಟ್ ಪೋಲ್ ಈ ಸಲ ಸರಿಯಾಗೇ ಇತ್ತು ಮಾವ. ಅದು ಹೇಳದೇ ಇದ್ದದ್ದನ್ನ ಕೇಳಿಸಿಕೊಂಡವರು ನೀವು."

ಸಂಜೆ ಬೀದಿಯೆಲ್ಲ ಸಲೂನಿನಲ್ಲಿತ್ತು. ಗಿರಾಕಿಗಳ ಕುರ್ಚಿಯಲ್ಲಿ ಕ್ರಾಪಣ್ಣ ಕೂತ. ಟೈಲರ್ ಮೊದಲು ಟೇಪು ಹಿಡಿದು ತಲೆಯ ಸುತ್ತಳತೆ ತೆಗೆದ. "ಅಳತೆ ಇಲ್ಲದೆ ನಾನು ಕತ್ತರಿ ಇಡಲ್ಲಪ್ಪ" ಎಂದು ಸೀಮೆಸುಣ್ಣದಲ್ಲಿ ಹಣೆಯ ಮೇಲೆ ಗೀಟೂ ಎಳೆದ. ಆಮೇಲೆ ಅಂಗೈಯಗಲದ ಕತ್ತರಿ ಕಚಕ್ ಕಚಕ್ ಎಂದಿತು. ಗುಂಗುರು ಕೂದಲು ಗೊಂಚಲು ಗೊಂಚಲಾಗಿ ಮಡಿಲಿಗೆ ಬಿತ್ತು. ಕಿವಿಯ ಹತ್ತಿರ ಬಂದಾಗ ಟೈಲರ್ ಕೈ ನಿಲ್ಲಿಸಿ ಕೇಳಿದ:

"ಈಗ ಹೇಳು, ಈ ಊರಿಗೇ ಒಳ್ಳೇ ಟೈಲರ್ ಯಾರು?"

ಹೋದ ತಿಂಗಳಷ್ಟೇ ಇವನು ಹೊಲಿದ ಪ್ಯಾಂಟನ್ನು ಬೀದಿಯಲ್ಲಿ ಎತ್ತಿ ತೋರಿಸಿ ಬೈದಿದ್ದ ಕ್ರಾಪಣ್ಣ, ಕಣ್ಣು ಮುಚ್ಚಿಕೊಂಡು ಅಂದ: "ನೀನೇ ಮಾರಾಯ. ನಿನ್ನನ್ನ ಬಿಟ್ರೆ ಯಾರಿದ್ದಾರೆ?"

ಅಂದವನು ಕಣ್ಣು ತೆರೆದ. ಕನ್ನಡಿಯಲ್ಲಿ ತನ್ನನ್ನು ನೋಡಿದ, ಹಿಂದೆ ಸಾಲಾಗಿ ನಿಂತ ನಮ್ಮನ್ನೂ ನೋಡಿದ.

"ಅಯ್ಯೋ ಪಾಪಿಗಳಾ, ನೀವೆಲ್ಲ ನನಗೆ ಹೀಗೇ ಉತ್ತರ ಕೊಟ್ರಾ?"

ನಾವೆಲ್ಲ ಒಬ್ಬೊಬ್ಬರೇ ಚಾವಣಿಯ ಫ್ಯಾನ್ ನೋಡಿದೆವು. ಕೊನೆಗೆ ಕ್ರಾಪಣ್ಣನೇ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಜಾಸ್ತಿಯಾಗಿ ಟೈಲರ್ ಅವನ ಕಿವಿ ಉಳಿಸಲು ಪರದಾಡಬೇಕಾಯಿತು.

ಇಲ್ಲಿಗೇ ಮುಗಿದಿದ್ದರೆ ಇದು ನಗೆಯ ಕಥೆಯಾಗಿಯೇ ಉಳಿಯುತ್ತಿತ್ತು. ಮರುದಿನ ಬೆಳಗ್ಗೆ ಮೇಷ್ಟ್ರು ಶೇವಿಂಗ್‌ಗೆ ಬಂದರು. ಬೋಳು ತಲೆ ನೋಡಿ ಅವರಿಗೂ ನಗು ತಡೆಯಲಾಗಲಿಲ್ಲ.

"ಸೋತವನು ನಾನು, ಬೋಳಿಸಿಕೊಂಡವನು ನೀನಾ? ಇರಲಿ ಬಿಡೋ. ಯಾರ್ಯಾರು ಹಾಕಿದ್ರೋ ಬಿಟ್ರೋ, ನಿನ್ನ ಓಟಂತೂ ನನಗೇ ಬಿದ್ದಿತ್ತಲ್ಲ, ನನಗಷ್ಟು ಸಾಕು."

ಕ್ರಾಪಣ್ಣನ ಕೈಯಲ್ಲಿ ಬ್ರಶ್ ನಿಂತುಹೋಯಿತು. ಸುಳ್ಳು ಹೇಳುವುದು ಸುಲಭವಿತ್ತು. ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಇಲ್ಲ ಮೇಷ್ಟ್ರೇ. ಗೆದ್ದೇ ಗೆಲ್ತೀರಿ ಅಂತ ನಾನು ಹೋಗಲೇ ಇಲ್ಲ."

ಮೇಷ್ಟ್ರು ಕನ್ನಡಿಯತ್ತ ತಿರುಗಿದರು. ನೊರೆಯ ಕೆಳಗೆ ಅವರ ಮುಖ ಹೇಗಿತ್ತೋ ನಮಗೆ ಕಾಣಲಿಲ್ಲ. ಆಮೇಲೆ ಮೆಲ್ಲಗೆ, "ನಿನ್ನಂಥವರು ಇನ್ನೆಷ್ಟು ಜನ ಇದ್ರೋ" ಎಂದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಕ್ರಾಪಣ್ಣ ಈಗಲೂ ಹೇಳುತ್ತಾನೆ. ಕೂದಲು ಮೂರು ತಿಂಗಳಲ್ಲಿ ಬಂತು, ಆ ಮಾತು ಮಾತ್ರ ಹೋಗಲಿಲ್ಲ ಅನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಎಕ್ಸಿಟ್ ಪೋಲ್ ನೋಡಬೇಡಿ ಎಂದು ನಾವು ಹೇಳುವುದಿಲ್ಲ. ನೋಡಿ, ಹರಟೆ ಹೊಡೆಯಿರಿ. ಅದು ಲೆಕ್ಕ ಹಾಕಿ ಮಾಡಿದ ಅಂದಾಜು, ಫಲಿತಾಂಶವಲ್ಲ. ಎಷ್ಟು ಜನರನ್ನು ಕೇಳಿದರು, ಎಲ್ಲಿ ಕೇಳಿದರು, ಹೇಗೆ ಕೇಳಿದರು, ಎಷ್ಟು ಆಚೀಚೆ ಆಗಬಹುದು ಎಂದು ಹೇಳದ ಪೋಲನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಡಿ. ನಿಮ್ಮನ್ನು ಯಾರಾದರೂ ಕೇಳಿದರೆ ಹೇಳುವುದು ಬಿಡುವುದು ನಿಮ್ಮಿಷ್ಟ. ಮತ ಗುಟ್ಟಿನದು, ಗಂಡನಿಗೂ ಹೇಳಬೇಕಿಲ್ಲ, ಹೆಂಡತಿಗೂ ಹೇಳಬೇಕಿಲ್ಲ. ಆದರೆ ಮತದಾನದ ದಿನ ಯಾರು ಬಂದು "ಗೆದ್ದಾಯ್ತು" ಅಂದರೂ, "ಸೋತಾಯ್ತು" ಅಂದರೂ ನಂಬಬೇಡಿ. ನೀವು ಹಾಕದ ಓಟನ್ನು ಯಾವ ಸಮೀಕ್ಷೆಯೂ ತಂದುಕೊಡುವುದಿಲ್ಲ. ಎದ್ದು ಹೋಗಿ, ಸಾಲಿನಲ್ಲಿ ನಿಂತು, ನಿಮ್ಮ ಓಟು ಹಾಕಿ ಬನ್ನಿ.